ಟ್ರಂಕಿನ ಕಣ, ಹಳಿಯಾಳದ ಕೌದಿ

15 ಸೆಪ್ಟೆಂಬರ್ 2024, ಭಾನುವಾರ

ಮಹಾನವಮಿ ಅಮಾವಾಸ್ಯೆಯೊಳಗೆ ಹಾಸಿಗೆ-ಹೊದಿಕೆ ಎಲ್ಲ ಒಗೆದು ಒಣಗಿಸಬೇಕು, ಮಳೆ ಬಿಡುವು ಕೊಟ್ಟರೆ. ಮಂಚದ ಕೆಳಗಿನ ಟ್ರಂಕು ಎಳೆದಾಗ ಹಳಿಯಾಳದ ಕೌದಿ ಕೈಗೆ ಬಂತು. ಅಲ್ಲಿ ಶಾಲೆಯಲ್ಲಿದ್ದಾಗ ಸುರು ಮಾಡಿದ್ದು, ಧಾರವಾಡಕ್ಕೆ ವರ್ಗವಾದಾಗ ಸುತ್ತಿ ಕಟ್ಟಿದ್ದು. ಸೂಜಿ ಇನ್ನೂ ಅದರಲ್ಲೇ ಚುಚ್ಚಿಕೊಂಡಿತ್ತು, ಪೂರಾ ತುಕ್ಕು. ಸುತ್ತಲಿನ ಸಾಲುಗಳು ಗಟ್ಟಿ ಇವೆ. ನಡುವೆ ಮಾತ್ರ ಬರೀ ಹಳೇ ಧೋತರ ಕಾಣುತ್ತದೆ. ಈ ಸಲ ಮುಗಿಸಿಬಿಡುತ್ತೇನೆ. ಪೇಟೆಯಿಂದ ಒಂದು ತುಂಡು ಅರಿವೆಯನ್ನೂ ತರುವುದಿಲ್ಲ, ಮನೆಯಲ್ಲಿದ್ದದ್ದೇ ಸಾಕು.

17 ಸೆಪ್ಟೆಂಬರ್, ಮಂಗಳವಾರ

ಕೌದಿ ಕಲಿಸಿದವರು ಶಾಲೆಯ ಹಿಂದಿನ ಓಣಿಯ ಸಿದ್ದಿ ಅಜ್ಜಿ. ಹಿರಿಯರು ಗೋವೆಯ ಪೋರ್ಚುಗೀಸರ ಕೈಯಿಂದ ತಪ್ಪಿಸಿಕೊಂಡು ಕಾಡು ಸೇರಿದ ಕತೆಯನ್ನು ಹೊಲಿಯುತ್ತಲೇ ಹೇಳುತ್ತಿದ್ದರು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಒಂದು ಮೂಲೆಯಿಂದ ಹಿಡಿದು, ಅಂಚಿನ ಗುಂಟ ಸುತ್ತುತ್ತ ನಡುವಿಗೆ ಬರುತ್ತಾರೆ. ತೇಪೆ ಇಡುವುದು, ಅದರ ಅಂಚು ಮಡಚುವುದು, ಕೆಳಗಿನ ಪದರ ಸಮೇತ ಸಾಲು ಎಳೆಯುವುದು ಎಲ್ಲ ಒಟ್ಟಿಗೇ. ನಕ್ಷೆಯಿಲ್ಲ, ಅಳತೆಯಿಲ್ಲ, ಪಕ್ಕದ ಬಣ್ಣ ನೋಡಿ ಮುಂದಿನ ತುಂಡು. ಮೂಲೆಗೆ ಮಾತ್ರ ಅರಿವೆ ಮಡಚಿ ಮಾಡಿದ ಹೂವು ಬೇಕೇ ಬೇಕು. ಅದಿಲ್ಲದ ಕೌದಿ ಬತ್ತಲೆ ಎನ್ನುತ್ತಿದ್ದರು ಅಜ್ಜಿ. ನನ್ನ ಕೌದಿಗೆ ನಾಲ್ಕೂ ಹೂವಿವೆ, ಅವರೇ ಕೂರಿಸಿಕೊಟ್ಟದ್ದು.

20 ಸೆಪ್ಟೆಂಬರ್, ಶುಕ್ರವಾರ

ನಮ್ಮ ಮನೆಯಲ್ಲಿ ಅರಿವೆಗೇನು ಬರ? ಮದುವೆ, ಕುಬಸ, ಗೃಹಪ್ರವೇಶ ಅಂತ ಹೋದಲ್ಲೆಲ್ಲ ಉಡಿಯಲ್ಲಿ ಅಕ್ಕಿ, ಕೊಬ್ಬರಿಬಟ್ಟಲು, ಉತ್ತತ್ತಿ ಜೊತೆಗೊಂದು ಕುಪ್ಪಸದ ಕಣ. ಬಂದದ್ದು ಟ್ರಂಕಿಗೆ, ಟ್ರಂಕಿನಿಂದ ಮತ್ತೊಬ್ಬರ ಉಡಿಗೆ. ಒಮ್ಮೆ ನಾನು ಕೊಟ್ಟ ಹಸಿರು ಕಣವೇ ನಾಲ್ಕಾರು ಮನೆ ತಿರುಗಿ, ಅದೇ ಮಡಿಕೆ, ಅದೇ ಅರಿಶಿನದ ಬೆರಳಚ್ಚಿನ ಸಮೇತ ನನಗೇ ಬಂದಿತ್ತು.

ಎಲ್ಲವನ್ನೂ ಇವತ್ತು ಹಾಸಿಗೆಯ ಮೇಲೆ ಹರವಿದೆ. ಗುಳೇದಗುಡ್ಡದ ಕೈಮಗ್ಗದ್ದು ಕೆಲವೇ. ತೇರು, ಆನೆಹೆಜ್ಜೆ ಗುರುತು ಸಿಕ್ಕಿತು. ಉಳಿದದ್ದರ ಅಂಚಿನಿಂದ ಒಂದೊಂದು ಎಳೆ ಕಿತ್ತು ಕಡ್ಡಿ ಗೀರಿ ನೋಡಿದೆ. ಹತ್ತಿ ಕಾಗದದ ವಾಸನೆ ಬಿಟ್ಟು ಬೂದಿಯಾಯಿತು. ರೇಷ್ಮೆಗೆ ಕೂದಲು ಸುಟ್ಟ ವಾಸನೆ. ಪಾಲಿಸ್ಟರ್ ಕರಗಿ ಸಾಸಿವೆಕಾಳಿನ ಹಾಗೆ ಗಟ್ಟಿ ಗುಂಡಾಯಿತು. ಗುಂಡಾದವನ್ನು ಬದಿಗಿಟ್ಟೆ. ಅವು ಸೂಜಿಯಡಿ ಜಾರುತ್ತವೆ, ಬೆವರನ್ನೂ ಹೀರುವುದಿಲ್ಲ.

24 ಸೆಪ್ಟೆಂಬರ್, ಮಂಗಳವಾರ

ಆರಿಸಿದ ಕಣಗಳನ್ನು ರಾತ್ರಿಯಿಡೀ ನೆನೆಹಾಕಿ ಒಣಗಿಸಿದ್ದೆ. ಹೊಸ ಅರಿವೆ ಹಾಗೇ ಹೊಲಿದರೆ ಮೊದಲ ಒಗೆತಕ್ಕೇ ಕುಗ್ಗಿ, ಪಕ್ಕದ ಹಳೇ ಅರಿವೆಯನ್ನು ಎಳೆದು ಹರಿಯುತ್ತದೆ. ಕೆಂಪು ಕಣ ಬಕೆಟ್ಟಿನ ನೀರನ್ನೆಲ್ಲ ಕೆಂಪು ಮಾಡಿತು. ಅದು ತಿಳಿಯಾಗುವ ತನಕ ಹಿಂಡಿದೆ.

ನನ್ನದೇ ಹರಿದ ಇಳಕಲ್ ಸೀರೆಯೂ ಸೇರಿತು. ಸೀರೆಯ ಮೈ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ನೇಯ್ದಿರುತ್ತಾರಲ್ಲ, ಆ ಗೆರೆಯಲ್ಲಿ ಸೂಜಿ ಇಳಿಯಲೊಲ್ಲದು. ಉಳಿದ ಮೈಯೆಲ್ಲ ಸವೆದರೂ ಅಲ್ಲಿ ಒಂದೆಳೆ ಬಿಟ್ಟಿಲ್ಲ. ಅದನ್ನು ಹಾಗೇ ಬಿಟ್ಟು ಎರಡೂ ಮಗ್ಗುಲಿಗೆ ಸಾಲು ಹಾಕಿದೆ.

ಫೋನಿನಲ್ಲಿ ಮಗಳು, “ಅವ್ವಾ, ಅಷ್ಟು ಛಂದನ ಕಣ ಕತ್ತರಸಾಕ್ಹತ್ತಿಯೇನು? ಇಟ್ಟಿದ್ರ ಯಾರಿಗರ ಕೊಡಾಕ ಬರ್ತಿತ್ತು” ಅಂದಳು.

“ಇಸ್ಕೊಂಡವರೂ ಹಿಂಗ ಇಟ್ಕೋತಾರವ್ವಾ. ಯಾರರ ಒಬ್ರು ಕತ್ತರಸಬೇಕಲ್ಲ?”

ಇಷ್ಟು ವರ್ಷ ಇವನ್ನು ಮರ್ಯಾದೆಯಿಂದ ಇಟ್ಟೆವು, ಮರ್ಯಾದೆಯಿಂದ ಕೊಟ್ಟೆವು. ಒಬ್ಬರ ಮೈಗೂ ಹತ್ತಲಿಲ್ಲ. ನೇಯ್ದವನು ತೇರಿನ ಗುರುತು ಎತ್ತಿದ್ದು ಟ್ರಂಕಿಗೋಸ್ಕರವೇನೂ ಅಲ್ಲ.

29 ಸೆಪ್ಟೆಂಬರ್, ಭಾನುವಾರ

ನಡುವಿಗೆ ಬಂದೆ. ಕೊನೆಯ ತೇಪೆ ಮುಚ್ಚುವ ಮೊದಲು ಒಳಗೆ ನಾಲ್ಕು ಅಕ್ಕಿಕಾಳು ಇಡಬೇಕು, ಕೌದಿಯ ಹೊಟ್ಟೆ ಖಾಲಿ ಇರಬಾರದು ಎಂದಿದ್ದರು ಅಜ್ಜಿ. ಮೊನ್ನೆ ಬಂದ ಉಡಿಯ ಅಕ್ಕಿಯಲ್ಲೇ ಒಂದು ಚಿಟಿಕೆ ಇಟ್ಟೆ. ಬಾಗಲಕೋಟೆಯಿಂದ ಬಂದಿರುವ ನೆಗೆಣ್ಣಿ ನೋಡಿ, “ನುಸಿ ಆಗ್ತಾವ ನೋಡ ಮತ್ತ” ಅಂದರು. ಆಮೇಲೆ ತಾವೇ ಸೂಜಿಗೆ ದಾರ ಪೋಣಿಸಿ ಕೊಟ್ಟು, ಕಡೇ ಸಾಲು ಮುಗಿಯುವ ತನಕ ಪಕ್ಕದಲ್ಲೇ ಕೂತರು. ಹಸಿರು ಕಣ ನಟ್ಟನಡುವೆ ಕೂತಿದೆ. ಇನ್ನದು ಯಾರ ಮನೆಗೂ ತಿರುಗುವಂತಿಲ್ಲ.

ದಸರೆಗೆ ನೆಗೆಣ್ಣಿಯ ಸೊಸೆ ಬರುತ್ತಾಳೆ. ಉಡಿ ತುಂಬಬೇಕು, ಟ್ರಂಕಿನಲ್ಲಿ ಉಳಿದದ್ದು ಪಾಲಿಸ್ಟರ್ ಅಷ್ಟೇ. ಕೈಮಗ್ಗದ ಕಣ ಒಂದನ್ನು ತರುತ್ತೇನೆ. ಕುಪ್ಪಸ ಹೊಲಿಸುವ ಕೂಲಿಯನ್ನೂ ಅದರ ಮಡಿಕೆಯಲ್ಲೇ ಇಟ್ಟುಕೊಟ್ಟು, ಬನ್ನಿ ಕೊಡುವ ದಿನ ಅದನ್ನೇ ತೊಟ್ಟುಕೊಂಡು ಬಾ ಅನ್ನುತ್ತೇನೆ.