ಕೆಂಪು ನೆಲದ ಶ್ರುತಿ

ಚಿನ್ನ ಹುಡುಕುವ ಹವ್ಯಾಸವಿದೆ ಎಂದ ಕೂಡಲೇ ಎಲ್ಲರೂ ಕೇಳುವ ಮಾತು ಒಂದೇ: "ಎಷ್ಟು ಸಿಕ್ಕಿತು?" ನನಗೆ ಪ್ರಿಯವಾದ ಗಳಿಗೆ ಸಿಗುವುದಕ್ಕಿಂತ ಬಹಳ ಮೊದಲೇ ಬಂದು ಹೋಗುತ್ತದೆ. ಕಾರನ್ನು ಐರನ್‌ಬಾರ್ಕ್ ಮರದ ನೆರಳಿಗೆ ನಿಲ್ಲಿಸಿ, ಮೆಟಲ್ ಡಿಟೆಕ್ಟರಿನ ಕೋಲಿಗೆ ಅದರ ತಂತಿಸುರುಳಿಯಾದ ಕಾಯಿಲ್ ಸಿಕ್ಕಿಸಿ, ಹೆಡ್‌ಫೋನ್ ಕಿವಿಗೇರಿಸಿ, ಕಾಲಡಿಯ ಮಣ್ಣಿಗೆ ಯಂತ್ರವನ್ನು ಹೊಂದಿಸುತ್ತ ನಿಲ್ಲುವ ಕಾಲು ಗಂಟೆ ಅದು. ಆ ಹೊತ್ತಿನಲ್ಲಿ ಮಾಡಿದ ಕೆಲಸವೇ ಇಡೀ ದಿನದ ಹಣೆಬರಹ ಬರೆಯುತ್ತದೆ ಎಂದು ನಾನು ನಂಬಿದ್ದೇನೆ.

ಮೆಲ್ಬರ್ನ್‌ನಿಂದ ವಾಯವ್ಯಕ್ಕೆ ಕಾರಿನಲ್ಲಿ ಎರಡು-ಮೂರು ತಾಸು ಹೋದರೆ ಡನೊಲಿ, ಟಾರ್ನಗುಲ್ಲಾ, ಮೊಲಿಯಾಗುಲ್, ವೆಡರ್‌ಬರ್ನ್ ಎಂಬ ಸಣ್ಣ ಊರುಗಳು ಸಿಗುತ್ತವೆ. ವಿಕ್ಟೋರಿಯಾದ ಚಿನ್ನದ ತ್ರಿಕೋನವೆಂದು ಹೆಸರಾದ ಸೀಮೆ ಇದು. ಜಾ ಜಾ ವುರುಂಗ್ ಮೂಲನಿವಾಸಿಗಳ ನೆಲ. 1851ರಲ್ಲಿ ಇಲ್ಲಿ ಚಿನ್ನದ ಸುದ್ದಿ ಹಬ್ಬಿದ್ದೇ ತಡ, ಜಗತ್ತಿನ ಮೂಲೆಮೂಲೆಯಿಂದ ಜನ ಬಂದು ಹಳ್ಳಕೊಳ್ಳ ಬಗೆದರು. ಅವರು ತೋಡಿದ ಗುಂಡಿಗಳು ಇಂದಿಗೂ ಕಾಡಿನ ತುಂಬ ಬಾಯಿ ತೆರೆದುಕೊಂಡಿವೆ. ಕತ್ತಲಲ್ಲಿ ಅಲ್ಲಿ ಓಡಾಡಬಾರದು.

ಊರಿನಿಂದ ಬಂದಿದ್ದ ನಮ್ಮ ಮಾವನವರನ್ನು ಒಮ್ಮೆ ಮೊಲಿಯಾಗುಲ್‌ಗೆ ಕರೆದೊಯ್ದಿದ್ದೆ. ಅವರು ಬಂಗಾರಪೇಟೆಯವರು, ಕೋಲಾರದ ಗಣಿಯ ಸದ್ದು ಕೇಳುತ್ತಲೇ ಬೆಳೆದವರು. 1869ರ ಫೆಬ್ರವರಿ 5ರಂದು ಜಾನ್ ಡೀಸನ್ ಮತ್ತು ರಿಚರ್ಡ್ ಓಟ್ಸ್ ಎಂಬಿಬ್ಬರಿಗೆ 'ವೆಲ್‌ಕಮ್ ಸ್ಟ್ರೇಂಜರ್' ಗಟ್ಟಿ ಸಿಕ್ಕ ಜಾಗದಲ್ಲಿ ಈಗ ಒಂದು ಸ್ಮಾರಕ ಸ್ತಂಭವಿದೆ. ಶುದ್ಧ ಮಾಡಿದ ಮೇಲೂ ಸುಮಾರು 72 ಕಿಲೋ ತೂಗಿದ ಆ ಗಟ್ಟಿ ನೆಲದಿಂದ ಮೂರೇ ಸೆಂಟಿಮೀಟರ್ ಕೆಳಗೆ, ಮರದ ಬೇರಿನ ಬಳಿ ಮಲಗಿತ್ತು. ಅಷ್ಟು ದೊಡ್ಡದನ್ನು ತೂಗುವ ತಕ್ಕಡಿ ಡನೊಲಿಯಲ್ಲಿ ಇರಲಿಲ್ಲ. ಕಮ್ಮಾರನ ಅಡಿಗಲ್ಲಿನ ಮೇಲಿಟ್ಟು ಒಡೆಯಬೇಕಾಯಿತು. ಮಾವನವರು ಕಂಬದ ಸುತ್ತ ಒಂದು ಸುತ್ತು ಬಂದು, "ಮೂರು ಸೆಂಟಿಮೀಟರಾ ಅಳಿಯಂದ್ರೇ? ನಮ್ಮ ಚಾಂಪಿಯನ್ ರೀಫಲ್ಲಿ ಮೂರು ಕಿಲೋಮೀಟರ್ ಕೆಳಗಿಳೀತಿದ್ರು" ಎಂದರು. ನಿಜ. ಕೋಲಾರದಲ್ಲಿ ಪಾತಾಳದ ಬಂಡೆ ಒಡೆದು ಮೇಲೆ ತಂದು, ಪುಡಿ ಮಾಡಿ, ಚಿನ್ನ ಬೇರ್ಪಡಿಸುತ್ತಿದ್ದರು. 2001ರಲ್ಲಿ ಗಣಿ ಮುಚ್ಚುವವರೆಗೂ ಅದೇ ಕ್ರಮ. ಇಲ್ಲಿ ಬಿಳಿಕಲ್ಲಿನ ಸಾಲುಗಳು ಕೋಟ್ಯಂತರ ವರ್ಷ ಮಳೆಗಾಳಿಗೆ ಸವೆದು, ಒಳಗಿದ್ದ ಚಿನ್ನ ಹರಳುಹರಳಾಗಿ ಕಳಚಿ ಇಳಿಜಾರಿನ ಮಣ್ಣಿನಲ್ಲೇ ಉಳಿದುಕೊಂಡಿದೆ. ಹಾಗಾಗಿಯೇ ಒಬ್ಬ ಮನುಷ್ಯ ಒಂದು ಕಾಯಿಲ್ ಹಿಡಿದು ಹುಡುಕಲು ಸಾಧ್ಯ.

ತೊಡಕಿರುವುದು ಮಣ್ಣಿನಲ್ಲಿ. ಈ ಕೆಂಪು ನೆಲದ ತುಂಬ ಕಬ್ಬಿಣದ ಅಂಶ. ನುಣ್ಣಗಿನ ಕಪ್ಪು ಹರಳುಗಳು ಎಲ್ಲೆಲ್ಲೂ ಚೆಲ್ಲಿರುತ್ತವೆ. ಡಿಟೆಕ್ಟರಿಗೆ ಅವೂ ಕೂಗುತ್ತವೆ, ಬರೀ ಮಣ್ಣೂ ಕೂಗುತ್ತದೆ. ನಾಣ್ಯ, ಉಂಗುರ ಹುಡುಕುವ ಸಾಮಾನ್ಯ ಡಿಟೆಕ್ಟರು ಬಿಡದೆ ಅಲೆ ಹೊಮ್ಮಿಸುತ್ತ ಹೋಗುವ ಜಾತಿಯದು. ಸೌಮ್ಯವಾದ ಮಣ್ಣಿನಲ್ಲಿ ಅದು ಕಬ್ಬಿಣವನ್ನೂ ಬೇರೆ ಲೋಹವನ್ನೂ ಚೆನ್ನಾಗಿ ಬಿಡಿಸಿ ಹೇಳುತ್ತದೆ. ಇಂಥ ಕೆಂಡದಂಥ ಮಣ್ಣಿಗೆ ಬೇಕಾದದ್ದು ಪಲ್ಸ್ ಇಂಡಕ್ಷನ್ ಯಂತ್ರ. ಅದು ಕಾಯಿಲ್‌ಗೆ ಕ್ಷಣಮಾತ್ರ ಜೋರಾಗಿ ಕರೆಂಟ್ ಹರಿಸಿ, ತಟ್ಟನೆ ಕಡಿದು, ಆಮೇಲಿನ ಮೌನದಲ್ಲಿ ಕಿವಿಗೊಡುತ್ತದೆ. ನೆಲದೊಳಗಿನ ಲೋಹದಲ್ಲಿ ಹುಟ್ಟಿದ ಸುಳಿ ವಿದ್ಯುತ್ತು ಕೆಲವೇ ಮೈಕ್ರೋಸೆಕೆಂಡು ಉಳಿದು ಆರಿಹೋಗುತ್ತದೆ. ಆರುವ ಆ ಬಾಲವನ್ನೇ ಯಂತ್ರ ಹಿಡಿಯುವುದು. ಮಣ್ಣಿಗೂ ಅದರದ್ದೇ ಒಂದು ಬಾಲವಿರುತ್ತದೆ. ಅದನ್ನು ಗುರುತಿಸಿ ಲೆಕ್ಕದಿಂದ ಕಳೆಯುವುದಕ್ಕೇ ಗ್ರೌಂಡ್ ಬ್ಯಾಲೆನ್ಸ್ ಎನ್ನುವುದು.

ಈ ಕೆಲಸವನ್ನು ನಾನು ಎಂದೂ ಅವಸರದಲ್ಲಿ ಮಾಡುವುದಿಲ್ಲ. ಮೊದಲು ಮೊಬೈಲನ್ನು ಕಾರಿನಲ್ಲೇ ಬಿಡಬೇಕು. ಮುಂಭಾಗದಲ್ಲಿ ಉಕ್ಕಿನ ಹೊದಿಕೆಯಿರುವ ಬೂಟು ಹಾಕಿಕೊಂಡು ಬಂದರೆ ಪ್ರತಿ ಹೆಜ್ಜೆಗೂ ಡಿಟೆಕ್ಟರು ಕೂಗುತ್ತದೆ, ಆದ್ದರಿಂದ ಲೋಹವಿಲ್ಲದ ಬೂಟು. ಯಂತ್ರ ಚಾಲೂ ಮಾಡಿ, ಕಾಯಿಲನ್ನು ಸೊಂಟದೆತ್ತರಕ್ಕೆ ಅಲುಗಾಡದಂತೆ ಹಿಡಿದು ಒಂದು ಗುಂಡಿ ಒತ್ತಿದರೆ ಅದು ತನಗೆ ತಾನೇ ಒಂದೊಂದು ಚಾನೆಲ್ ಹುಡುಕುತ್ತ ಹೋಗಿ, ವಿದ್ಯುತ್ ತಂತಿ, ದೂರದ ಮಿಂಚು, ಪಕ್ಕದ ಗುಡ್ಡದಲ್ಲಿರುವ ಇನ್ನೊಬ್ಬರ ಡಿಟೆಕ್ಟರು, ಇವುಗಳ ಗಲಾಟೆ ಕಡಿಮೆ ಇರುವ ಕಡೆ ನೆಲೆ ನಿಲ್ಲುತ್ತದೆ. ನಂತರ ಥ್ರೆಶ್‌ಹೋಲ್ಡ್. ಹೆಡ್‌ಫೋನಿನಲ್ಲಿ ಸದಾ ಹರಿಯುತ್ತಿರುವ ಸಣ್ಣ ಗುಂಯ್‌ಗುಡುವಿಕೆ ಅದು. ಕಛೇರಿಗೆ ಮೊದಲು ತಂಬೂರಿಯ ತಂತಿ ಬಿಗಿಯುವಾಗ ಇರುವ ಏಕಾಗ್ರತೆ ಇದಕ್ಕೂ ಬೇಕು: ಇದೆಯೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ, ಆದರೆ ಎಲ್ಲೂ ತುಂಡಾಗದೆ ಹರಿಯಬೇಕು. ಆಳದಲ್ಲಿರುವ ಚಿಕ್ಕ ಹರಳು ಯಾವತ್ತೂ ಜೋರಾಗಿ ಕೂಗುವುದಿಲ್ಲ. ಆ ಗುಂಯ್‌ಕಾರ ಒಂದಿಷ್ಟು ಏರುತ್ತದೆ, ಇಲ್ಲವೇ ಒಂದಿಷ್ಟು ಕುಸಿಯುತ್ತದೆ, ಅಷ್ಟೇ.

ಆಮೇಲೆ ನೆಲ. ಕಾಲಲ್ಲಿ ಒಣ ಎಲೆ ಸರಿಸಿ, ಯಾವ ಲೋಹವೂ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೊಳದಗಲ ಜಾಗದ ಮೇಲೆ ಕಾಯಿಲನ್ನು ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿಸುತ್ತೇನೆ. ಮೊದಮೊದಲು ಕಾಯಿಲ್ ಮಣ್ಣಿಗೆ ಹತ್ತಿರವಾದಾಗೆಲ್ಲ ಧ್ವನಿ ಉಬ್ಬುತ್ತದೆ, ದೂರವಾದಾಗ ತಗ್ಗುತ್ತದೆ. ನಾಲ್ಕಾರು ಸಲ ಆದಂತೆ ಉಬ್ಬು ಚಿಕ್ಕದಾಗುತ್ತ, ಒಂದು ಹಂತದಲ್ಲಿ ಕಾಯಿಲ್ ಮಣ್ಣಿಗೆ ತಾಗಿದರೂ ಧ್ವನಿ ಅಲುಗುವುದಿಲ್ಲ. ಇಡೀ ಬೆಟ್ಟ ಸುಮ್ಮನಾಗಿರುತ್ತದೆ. ಈ ಸುಮ್ಮನಾಗುವಿಕೆಯನ್ನು ಕಿವಿಯಾರೆ ಕೇಳುವುದೇ ನನಗೆ ಈ ಹವ್ಯಾಸದ ಅತಿ ದೊಡ್ಡ ಸುಖ.

ಸೆನ್ಸಿಟಿವಿಟಿಯ ವಿಷಯದಲ್ಲಿ ನನ್ನ ನಿಲುವು ಗಟ್ಟಿ. ದುಬಾರಿ ಯಂತ್ರ ಕೊಂಡವರು ಅದನ್ನು ತುತ್ತತುದಿಗೆ ಏರಿಸಿ ಓಡಾಡುವುದನ್ನು ನೋಡಿದ್ದೇನೆ. ಕಿವಿಯಲ್ಲಿ ಸಂತೆ ನೆರೆದರೆ ಚಿನ್ನದ ಪಿಸುಮಾತು ಕೇಳುವುದು ಹೇಗೆ? ಎರಡು ಮೆಟ್ಟಿಲು ಕೆಳಗಿಳಿಸಿ ಶಾಂತವಾಗಿ ನಡೆದವರಿಗೇ ಹೆಚ್ಚು ಸಿಗುತ್ತದೆ. ಕಾಯಿಲ್ ಆಯ್ಕೆಯೂ ಹಾಗೆಯೇ: ದೊಡ್ಡದು ಆಳಕ್ಕೆ, ಚಿಕ್ಕದು ಸಣ್ಣ ಹರಳಿಗೆ. ಪೊದೆ, ಬೇರು, ಹಳೆಯ ಗುಂಡಿಗಳ ನಡುವೆ ನನಗೆ ಚಿಕ್ಕದೇ ಸೈ. ಹೊರಡುವ ಮುನ್ನ ಸೀಸದ ಒಂದು ಚೂರನ್ನು ಮಣ್ಣಿನಲ್ಲಿ ಹುಗಿದು ಅದರ ಮೇಲೆ ಕಾಯಿಲ್ ಆಡಿಸಿ ಕಿವಿಗೆ ನೆನಪು ಮಾಡಿಕೊಡುತ್ತೇನೆ. ಸೀಸದ ದನಿಗೂ ಸಣ್ಣ ಚಿನ್ನದ ದನಿಗೂ ಹೆಚ್ಚು ವ್ಯತ್ಯಾಸವಿಲ್ಲ.

ಇನ್ನು ನಡಿಗೆ. ಕಾಯಿಲ್ ನೆಲಕ್ಕೆ ಸವರುವಷ್ಟು ಹತ್ತಿರ, ನಿಧಾನ, ಒಂದು ಬೀಸಿನ ಮೇಲೆ ಅರ್ಧ ಇನ್ನೊಂದು ಬೀಸು. ಧ್ವನಿ ಎದ್ದರೆ ಅಡ್ಡಲಾಗಿಯೂ ಬೀಸಿ ನೋಡುತ್ತೇನೆ. ಬೂಟಿನ ಅಂಚಿನಿಂದ ಮೇಲ್ಮಣ್ಣು ಕೆರೆದ ಮೇಲೂ ಅಲ್ಲೇ ಇದ್ದರೆ ಪಿಕಾಸಿ. ಅದರ ತಲೆಗೆ ಅಂಟಿಸಿರುವ ಅಯಸ್ಕಾಂತಕ್ಕೆ ಮೊಳೆಯೋ ತಂತಿಯೋ ಹತ್ತಿಕೊಂಡರೆ ಕಥೆ ಮುಗಿಯಿತು. ಹತ್ತದಿದ್ದರೆ ಮಣ್ಣನ್ನು ಪ್ಲಾಸ್ಟಿಕ್ ಮೊಗೆಗೆ ತುಂಬಿ ಕಾಯಿಲ್ ಮೇಲೆ ಸುಳಿದಾಡಿಸಿ, ಅರ್ಧ ಕೈಗೆ ಸುರಿದು, ಮತ್ತೆ ಅರ್ಧ ಸುರಿದು, ಕೊನೆಗೆ ಅಂಗೈಯಲ್ಲಿ ಚಿಟಿಕೆ ಮಣ್ಣು ಉಳಿಯುವವರೆಗೆ ಸೋಸುವುದು. ಬಹಳ ಸಲ ಅದು ನೂರೈವತ್ತು ವರ್ಷ ಹಿಂದಿನ ಬೂಟಿನ ಮೊಳೆ, ಬಂದೂಕಿನ ಸೀಸದ ಗುಂಡು. ಆ ಚಿಟಿಕೆಯನ್ನು ಊದಿದಾಗ ಅರ್ಧ ಗ್ರಾಂನ ಹಳದಿ ಕಂಡರೂ ಸಾಕು, ಗಾತ್ರಕ್ಕೆ ಮೀರಿದ ಭಾರ ಬೆರಳಿಗೆ ತಿಳಿಯುತ್ತದೆ. ತುಕ್ಕಿಲ್ಲ, ಕಿಲುಬಿಲ್ಲ, ಮಣ್ಣು ಒರೆಸಿದರೆ ಹೊಳಪು ಹಾಗೇ ಇದೆ.

ದೊಡ್ಡದು ಸಿಗುವುದೇ ಇಲ್ಲವೆಂದಲ್ಲ. 1980ರಲ್ಲಿ ಇದೇ ಸೀಮೆಯ ಕಿಂಗವರ್ ಬಳಿ ಡಿಟೆಕ್ಟರಿಗೆ ಸಿಕ್ಕ 'ಹ್ಯಾಂಡ್ ಆಫ್ ಫೇತ್' ಗಟ್ಟಿ 27 ಕಿಲೋಗೂ ಮಿಗಿಲು. ಲಾಸ್ ವೇಗಸ್‌ನ ಗೋಲ್ಡನ್ ನಗೆಟ್ ಕ್ಯಾಸಿನೊ ಅದನ್ನು ಕೊಂಡಿತು. ಆದರೆ ನನ್ನನ್ನು ಕಾಡುವವರು ನಮ್ಮ ಕಪ್ಪತಗುಡ್ಡದ ಜಾಲಗಾರರು. ಮಳೆಯಾದ ಮೇಲೆ ಹಳ್ಳದ ಮರಳು ತೊಳೆದು ಚಿನ್ನದ ಕಣ ತೆಗೆಯುತ್ತಿದ್ದ ಅವರಿಗೆ ನೆಲದ ಗುಣ ಯಂತ್ರವಿಲ್ಲದೆಯೇ ತಿಳಿದಿತ್ತು. ಆ ಅರಿವಿಗೆ ನನ್ನ ನಮಸ್ಕಾರ.

ಇಲ್ಲಿಗೆ ಬರುವ ಕನ್ನಡಿಗರು ಯಾರಾದರೂ ಕೈಯಾಡಿಸಬೇಕೆಂದರೆ ಮೊದಲು ಮೈನರ್ಸ್ ರೈಟ್ ಎಂಬ ಪರವಾನಗಿ ಮಾಡಿಸಿಕೊಳ್ಳಿ. 1854ರ ಡಿಸೆಂಬರಿನಲ್ಲಿ ಬ್ಯಾಲರಾಟ್‌ನ ಯುರೇಕಾದಲ್ಲಿ ಲೈಸೆನ್ಸ್ ಶುಲ್ಕದ ವಿರುದ್ಧ ಗಣಿಗಾರರು ರಕ್ತ ಚೆಲ್ಲಿದ ಫಲವಾಗಿ ಮರುವರ್ಷ ಹುಟ್ಟಿದ ಹಕ್ಕು ಅದು; ಈಗ ಒಮ್ಮೆ ಪಡೆದರೆ ಹತ್ತು ವರ್ಷ ನಡೆಯುತ್ತದೆ. ಎಲ್ಲಿ ಅಗೆಯಬಹುದು, ಎಲ್ಲಿ ಕೂಡದು ಎಂಬುದನ್ನು ನಕ್ಷೆಯಲ್ಲಿ ನೋಡಿಕೊಳ್ಳಿ, ಮೂಲನಿವಾಸಿಗಳ ಪವಿತ್ರ ಜಾಗಗಳಿಂದ ದೂರವಿರಿ. ಬಿರುಬೇಸಿಗೆ ಬಿಟ್ಟು ಮೇ ತಿಂಗಳ ನಂತರ ಬನ್ನಿ, ಮಣ್ಣು ಮೆತ್ತಗಿರುತ್ತದೆ, ಹಾವಿನ ಭಯವೂ ಕಡಿಮೆ. ಮತ್ತು ದಯವಿಟ್ಟು, ಚಿನ್ನ ಸಿಗಲಿ ಬಿಡಲಿ, ತೋಡಿದ ಪ್ರತಿ ಗುಂಡಿಯನ್ನೂ ಮುಚ್ಚಿ, ಸಿಕ್ಕ ಮೊಳೆ-ಸೀಸವನ್ನು ಜೇಬಿಗೆ ಹಾಕಿಕೊಂಡು ಹೊರಡಿ.