ಕುಸಳ, ಅಜ್ಜನ ಗಡ್ಡ ಮತ್ತು ನಮ್ಮ ಸೊಸೈಟಿಯ ಹಿಂದಿನ ಜಾಗ

ಪುಣೆಯಲ್ಲಿ ಮಳೆ ಹಿಂದೆ ಸರಿದು ಅಕ್ಟೋಬರ್ ಬಿಸಿಲು ಶುರುವಾಯಿತೆಂದರೆ ಗುಡ್ಡ ಹತ್ತಿ ಬಂದವರ ಪ್ಯಾಂಟು, ಕಾಲುಚೀಲದ ತುಂಬಾ ಬೀಜ. ಇಲ್ಲಿಯವರು ಗುಡ್ಡಕ್ಕೆ ಟೇಕಡಿ ಅಂತಾರೆ. ವೇತಾಳ ಟೇಕಡಿಗೆ ನಾನು ಹೋಗಲು ಹತ್ತಿ ಇಪ್ಪತ್ತು ವರ್ಷದ ಮೇಲಾಯ್ತು. ಅಲ್ಲಿನ ಗಿಡಗಳಲ್ಲಿ ಎಷ್ಟೋ ನಮ್ಮ ಧಾರವಾಡದ ಕಡೆಯ ಪರಿಚಯದವೇ, ಹೆಸರು ಮಾತ್ರ ಬೇರೆ. ನಮ್ಮ ಉತ್ತರಾಣಿ ಇಲ್ಲಿ ಆಘಾಡಾ. ಗಣೇಶನ ಇಪ್ಪತ್ತೊಂದು ಪತ್ರೆಗಳಲ್ಲಿ ಅದೂ ಒಂದು, ಹಾಗಾಗಿ ಚೌತಿಗೆ ಮಂಡೈಯಲ್ಲಿ ದುಡ್ಡು ಕೊಟ್ಟು ತರುತ್ತೇವೆ. ತಿಂಗಳೊಪ್ಪತ್ತು ಕಳೆದರೆ ಅದೇ ಗಿಡ ಪುಕ್ಕಟೆ ಮನೆಗೆ ಬರುತ್ತದೆ! ಅದರ ಉದ್ದನೆಯ ತೆನೆಯನ್ನೊಮ್ಮೆ ನೋಡಿ. ಬಲಿತ ಕಾಯಿಗಳೆಲ್ಲ ತಲೆ ಕೆಳಗೆ ಮಾಡಿ ದಂಟಿಗೆ ಒತ್ತಿಕೊಂಡಿರುತ್ತವೆ, ತುದಿಗೆ ಸೂಜಿಯಂಥ ಮುಳ್ಳು. ದನವೋ ಮನುಷ್ಯನೋ, ಸವರಿಕೊಂಡು ಹೋದವರ ಜೊತೆ ಹೊರಟುಬಿಡುತ್ತವೆ.

ಎಕ್ಕದ ಬೀಜಕ್ಕೆ ಯಾರ ಹಂಗೂ ಬೇಡ, ಗಾಳಿ ಸಾಕು. ರೇಷ್ಮೆಯಂಥ ಕೂದಲಿನ ಆ ಬೀಜಕ್ಕೆ ನಮ್ಮ ಓಣಿಯ ಹುಡುಗರು ಅಜ್ಜನ ಗಡ್ಡ ಅಂತಿದ್ವಿ. ಮರಾಠಿ ಮಕ್ಕಳಿಗೆ ಅದು ಮ್ಹಾತಾರಿ, ಅಂದರೆ ಮುದುಕಿ. ಆಫೀಸಿನ ಮಲಯಾಳಿ ಗೆಳೆಯನನ್ನು ಕೇಳಿದೆ, ಅವರಲ್ಲೂ ಅಜ್ಜನ ಗಡ್ಡವೇ ಅಂತೆ. ಗಡಿಯ ಯಾವ ಊರಲ್ಲಿ ಅಜ್ಜ ಅಜ್ಜಿಯಾದನೋ, ಬೆಳಗಾವಿಯವರು ಯಾರಾದರೂ ಹೇಳಬೇಕು.

ನನಗೆ ಎಲ್ಲಕ್ಕಿಂತ ಸೋಜಿಗ ಅನಿಸೋದು ಕುಸಳಿ ಹುಲ್ಲು. ಸಸ್ಯಶಾಸ್ತ್ರದವರ ಹೆಟೆರೊಪೊಗಾನ್ ಕಂಟಾರ್ಟಸ್. ಒಂದೊಂದು ಬೀಜಕ್ಕೂ ಬೆರಳುದ್ದದ ಕಂದು ಎಳೆ ಇರುತ್ತದೆ, ಮರಾಠಿಯಲ್ಲಿ ಅದೇ ಕುಸಳ. ಇನ್ನೊಬ್ಬರ ಕಣ್ಣಿನ ಕುಸಳ ಕಾಣುತ್ತೆ, ತನ್ನ ಕಣ್ಣಿನ ಮುಸಳ, ಅಂದರೆ ಒನಕೆ, ಕಾಣಲ್ಲ ಅಂತ ಇಲ್ಲಿ ಗಾದೆಯೇ ಇದೆ. ಬಲಿತ ಮೇಲೆ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಜಡೆಯಾಗುತ್ತವೆ. ಬೀಜದ ಬುಡ ದಬ್ಬಣದಂತೆ ಚೂಪು, ಅದರ ಮೇಲೆ ಹಿಮ್ಮುಖವಾಗಿ ಬಾಗಿದ ರೋಮ. ಚಮತ್ಕಾರ ಇರೋದು ಎಳೆಯಲ್ಲಿ. ಒಣಗಿದಾಗ ಹುರಿಹಗ್ಗದಂತೆ ತಿರುಚಿಕೊಳ್ಳುತ್ತದೆ, ರಾತ್ರಿ ಇಬ್ಬನಿ ತಾಗಿದರೆ ಹುರಿ ಬಿಚ್ಚುತ್ತದೆ, ಬಿಸಿಲೇರಿದರೆ ಮತ್ತೆ ತಿರುಚು. ಈ ತಿರುಗಾಟದಲ್ಲಿ ಕೆಳಗಿನ ಮೊನೆ ಬೈರಿಗೆಯಂತೆ ನೆಲ ಕೊರೆದು ಇಳಿಯುತ್ತದೆ, ರೋಮ ಅದನ್ನು ವಾಪಸ್ ಬರಗೊಡುವುದಿಲ್ಲ. ನಂಬಿಕೆ ಬರದಿದ್ದರೆ ಒಣಗಿದ ಒಂದನ್ನು ಅಂಗೈಯಲ್ಲಿಟ್ಟು ಹನಿ ನೀರು ಹಾಕಿ ನೋಡಿ. ತನ್ನಷ್ಟಕ್ಕೆ ತಿರುಗುತ್ತದೆ! ಕುರಿ ಕಾಯುವವರಿಗೆ ಮಾತ್ರ ಇದು ಬರೀ ಕಾಟ, ಉಣ್ಣೆ ದಾಟಿ ಚರ್ಮಕ್ಕೇ ಚುಚ್ಚಿಕೊಳ್ಳುತ್ತದೆ.

ಇಷ್ಟೆಲ್ಲ ಯಾಕೆ ಬರೀತಿದ್ದೀನಿ ಅಂದ್ರೆ, ನಮ್ಮ ಸೊಸೈಟಿಯ ಹಿಂದೆ ಒಂದಿಷ್ಟು ಖಾಲಿ ಜಾಗ ಇದೆ. ಪ್ರತಿ ವರ್ಷ ದೀಪಾವಳಿಗೆ ಮುಂಚೆ ಮಷೀನ್ ತರಿಸಿ ಅದನ್ನು ಬೋಳಿಸುವುದು ರೂಢಿ. ನಾವು ಬಂದಾಗ ಅಲ್ಲಿ ಕುಸಳಿಯೇ ಹೆಚ್ಚಿತ್ತು. ಬರಬರುತ್ತಾ ಮುಕ್ಕಾಲು ಪಾಲು ಪಾರ್ಥೇನಿಯಂ ಆಯಿತು. ನಮ್ಮ ಕಡೆಯ ಕಾಂಗ್ರೆಸ್ ಗಿಡ, ಇಲ್ಲಿಯ ಗಾಜರ್ ಗವತ. ಇದು ಹಬ್ಬುವ ಕಳೆ ಅಂತ ದೇಶದಲ್ಲಿ ಮೊದಲು ಸುದ್ದಿಯಾದದ್ದು 1950ರ ದಶಕದಲ್ಲಿ, ಇದೇ ಪುಣೆಯಲ್ಲಿ. ಅದನ್ನು ತಿನ್ನುವ ಮೆಕ್ಸಿಕೋ ದುಂಬಿಯನ್ನು 1984ರಲ್ಲಿ ಬಿಟ್ಟದ್ದು ನಮ್ಮ ಬೆಂಗಳೂರಲ್ಲಿ. ಇದನ್ನು ಹೇಳಿ ಇಲ್ಲಿಯ ಗೆಳೆಯರನ್ನು ಆಗಾಗ ರೇಗಿಸುತ್ತೇನೆ. ಆದರೆ ದುಂಬಿ ಮಳೆಗಾಲದಲ್ಲಿ ಮೇಯ್ದು ಆಮೇಲೆ ಮಣ್ಣು ಸೇರಿ ಮಲಗುತ್ತದೆ. ಗಿಡ ಮಲಗಲ್ಲ, ತೇವ ಸಿಕ್ಕರೆ ಯಾವ ತಿಂಗಳಲ್ಲಾದರೂ ಮೊಳೆಯುತ್ತದೆ, ತಿಂಗಳು ಒಂದೂವರೆ ತಿಂಗಳಿಗೆಲ್ಲ ಹೂ. ಒಂದು ದೊಡ್ಡ ಗಿಡಕ್ಕೆ ಸಾವಿರಗಟ್ಟಲೆ ಬೀಜ. ಅದಕ್ಕೆ ಕುಸಳವೂ ಇಲ್ಲ, ಗಡ್ಡವೂ ಇಲ್ಲ. ಹರಿಯುವ ನೀರು, ಟೈರಿನ ಕೆಸರು, ಮರಳಿನ ಲಾರಿ ಸಾಕು. ಜೊತೆಗೆ ನಮ್ಮ ಮಷೀನು. ಅಕ್ಟೋಬರಿನಲ್ಲಿ ಬೋಳಿಸಿದಾಗ ಕುಸಳಿಯ ತೆನೆ ಇನ್ನೂ ಬಲಿತಿರುವುದಿಲ್ಲ, ಪಾರ್ಥೇನಿಯಂ ಮಾತ್ರ ಆಗಲೇ ಉದುರಿಸಿ ಮುಗಿಸಿರುತ್ತದೆ, ಉಳಿದದ್ದನ್ನು ಮಷೀನೇ ಎರಚುತ್ತದೆ. ಮರುವರ್ಷ ಬರಿದಾದ ನೆಲ ಯಾರ ಪಾಲಾಗುತ್ತೆ ಅಂತ ಬೇರೆ ಹೇಳಬೇಕೇ?

ಇದನ್ನೇ ಹೋದ ವರ್ಷ ಮೀಟಿಂಗಿನಲ್ಲಿ ಹೇಳಿದೆ. ಪಾರ್ಥೇನಿಯಮ್ಮನ್ನು ಹೂ ಬಿಡುವ ಮುಂಚೆ ಬೇರು ಸಮೇತ ಕೀಳೋಣ, ಹುಲ್ಲನ್ನು ಬೀಜ ಉದುರುವ ತನಕ ಬಿಡೋಣ ಅಂತ. ಮೊದಲು ಎದ್ದವರು ಕೆಳಗಿನ ಮನೆಯವರು. ಅವರ ಮಗಳಿಗೆ ಈ ಗಿಡ ಹೂ ಬಿಟ್ಟಾಗಲೆಲ್ಲ ಮೈ ತುರಿಕೆ, ಉಬ್ಬಸ. "ನಿಮಗೆ ಹುಲ್ಲು ದೊಡ್ಡದಾಯ್ತಾ, ನನ್ನ ಮಗಳು ದೊಡ್ಡವಳಾ?" ಅಂದರು ಮರಾಠಿಯಲ್ಲಿ. ಸಿಟ್ಟು ಸರಿಯಾದದ್ದೇ. ಎಷ್ಟು ವರ್ಷದಿಂದ ಬೋಳಿಸುತ್ತಿದ್ದೇವೆ, ಅವಳ ಉಬ್ಬಸ ಕಡಿಮೆಯಾಯಿತೇ ಅಂತ ಮೆಲ್ಲಗೆ ಕೇಳಿದೆ. ಅವರು ಕೂತರು. ಸೆಕ್ರೆಟರಿ ಕಾಕಾ ಒಣಹುಲ್ಲಿನ ಬೆಂಕಿಯ ಮಾತು ತೆಗೆದರು. ಅದೂ ಸುಳ್ಳಲ್ಲ, ಬೇಸಿಗೆಯಲ್ಲಿ ಟೇಕಡಿ ಹತ್ತಿ ಉರಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಕೊನೆಗೆ ಗೋಡೆಯ ಪಕ್ಕ ಬೋಳಿಸುವುದು, ಆಚೆಯ ಅರ್ಧವನ್ನು ಜನವರಿಯಲ್ಲಿ ಕುಡುಗೋಲಿನಿಂದ ಕೊಯ್ಯಿಸುವುದು ಅಂತಾಯಿತು.

ಶ್ರಾವಣದಲ್ಲಿ ಎರಡು ಭಾನುವಾರ ಕಿತ್ತೆವು. ಕೆಳಗಿನ ಮನೆಯವರೇ ಎಲ್ಲರಿಗೂ ಕೈಗವಸು ತಂದಿದ್ದರು. ನವೆಂಬರಿನಲ್ಲಿ ರಾಟವಾಳ ಹಕ್ಕಿಗಳ ಹಿಂಡು ಇಳಿದು ಹುಲ್ಲಿನ ಬೀಜ ಹೆಕ್ಕುತ್ತಿತ್ತು. ಹುಡುಗಿ ಬಾಲ್ಕನಿಯಿಂದ ಎಣಿಸುತ್ತಿದ್ದಳು. ಅವಳ ತುರಿಕೆ ಕೊಂಚ ಕಡಿಮೆ ಅಂತಾರೆ, ಉಬ್ಬಸ ಪೂರ್ತಿ ಹೋಗಿಲ್ಲ. ರಸ್ತೆಯಾಚೆಯ ಪ್ಲಾಟಿನಲ್ಲಿ ಪಾರ್ಥೇನಿಯಂ ಎದೆಯೆತ್ತರ ನಿಂತಿದೆ. ಅದರ ಮಾಲೀಕರು ಯಾರು ಅಂತ ಕಾಕಾ ವಿಚಾರಿಸುತ್ತಿದ್ದಾರೆ.