ಹೆಸರಿಲ್ಲದ ಭಯ

ಮಲೆನಾಡಿನ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಹಾವಿನ ಹೆಸರನ್ನೆತ್ತುವ ವಾಡಿಕೆಯಿಲ್ಲ. ‘ಹುಳ’ವೆನ್ನುವರು. ಕಚ್ಚಿತೆಂದು ಕೂಡ ಹೇಳುವುದಿಲ್ಲ. ‘ಹುಳ ಮುಟ್ಟಿತು’ ಎಂಬುದೇ ರೂಢಿ. ಹೆಸರು ಹಿಡಿದು ಕರೆದರೆ ಬಂದೀತೆಂಬ ಅಂಜಿಕೆಯೋ, ದೇವರ ಅಂಶವೆನಿಸಿದ ಪ್ರಾಣಿಯ ವಿಷಯದಲ್ಲಿ ನಾಲಗೆಯನ್ನು ಬಿಗಿಹಿಡಿಯಬೇಕೆಂಬ ಮರ್ಯಾದೆಯೋ, ಹಿರಿಯರು ಏನು ಬಗೆದು ಈ ಕಟ್ಟಳೆಯನ್ನು ಮಾಡಿದರೆಂಬುದನ್ನು ನಾನು ಹೇಳಲಾರೆ. ಆದರೆ ಹೆಸರಿಲ್ಲದ ವಸ್ತುವಿಗೆ ಒಂದು ವಿಶೇಷವುಂಟು. ಅದಕ್ಕೆ ಗಾತ್ರವಿಲ್ಲ, ಬಣ್ಣವಿಲ್ಲ, ಇರತಕ್ಕ ಸ್ಥಳವೆಂಬುದೂ ಇಲ್ಲ. ಆದುದರಿಂದ ಅದು ಎಲ್ಲೆಲ್ಲಿಯೂ ಇರುತ್ತದೆ.

ತೀರ್ಥಹಳ್ಳಿ ಸೀಮೆಯ ನನ್ನ ತವರುಮನೆಯಲ್ಲಿ ಅದು ಎಲ್ಲೆಲ್ಲಿಯೂ ಇದ್ದಿತು. 1968ರ ಮಳೆಗಾಲದ ಮಾತು. ನನಗೆ ಒಂಬತ್ತು ವರ್ಷ, ಅಕ್ಕನಿಗೆ ಹದಿನಾಲ್ಕು. ಮಕ್ಕಳೆಲ್ಲ ನಡುಮನೆಯಲ್ಲಿ ಚಾಪೆ ಹಾಸಿ ಸಾಲಾಗಿ ಮಲಗುತ್ತಿದ್ದೆವು. ಒಂದು ದಿನ ಬೆಳಗಿನ ಜಾವದಲ್ಲಿ ಅಕ್ಕ ಹೊಟ್ಟೆನೋವೆಂದು ಎದ್ದು ಕುಳಿತಳು. ಅಮ್ಮ ಓಮದ ಕಷಾಯವನ್ನು ಕಾಸಿಕೊಟ್ಟರು. ಅದನ್ನು ನುಂಗಲು ಅವಳಿಗೆ ಸಾಧ್ಯವಾಗಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ರೆಪ್ಪೆಗಳು ಇಳಿಬಿದ್ದವು. ಮೈಮೇಲೆ ಗಾಯವಿಲ್ಲ, ಬಾವಿಲ್ಲ, ರಕ್ತದ ಒಂದು ಹನಿಯಿಲ್ಲ. ಬೆಳಕು ಹರಿದು ಗಾಡಿ ಕಟ್ಟುವಷ್ಟರಲ್ಲಿ ಉಸಿರು ನಿಂತುಹೋಯಿತು. ಚಾಪೆಯನ್ನು ಸುತ್ತಿ ತೆಗೆಯುವಾಗ ಗೋಡೆಯ ಮೂಲೆಯಿಂದ ಕರಿಯ ಮೈಯ ಮೇಲೆ ಬಿಳಿಯ ಪಟ್ಟಿಗಳಿದ್ದ ‘ಹುಳ’ವೊಂದು ಹೊರಟಿತೆಂದು ಚಿಕ್ಕಪ್ಪ ಹೇಳಿದರು. ಅದಕ್ಕಿಂತ ಹೆಚ್ಚಿನ ಮಾತನ್ನು ಆ ಮನೆಯಲ್ಲಿ ಯಾರೂ ಆಡಲಿಲ್ಲ.

ಅಂದಿನಿಂದ ನಮ್ಮ ಮನೆಗೆ ಸಂಜೆಯೆಂಬುದು ಇಲ್ಲವಾಯಿತು. ಅಪ್ಪ ಹಿತ್ತಿಲಿನ ಮಲ್ಲಿಗೆಯ ಪೊದೆಗಳನ್ನೆಲ್ಲ ಕಡಿಸಿಹಾಕಿದರು. ದೀಪ ಹಚ್ಚುವ ಮೊದಲೇ ಬಾಗಿಲುಗಳು ಮುಚ್ಚುತ್ತಿದ್ದವು. ಆಮೇಲೆ ಜಗಲಿಗೆ ಕಾಲಿಡತಕ್ಕವರಿಲ್ಲ. ಬೇಸಗೆಯಲ್ಲಿ ನೆರೆಯೂರಿನ ಬಯಲಾಟದ ಚಂಡೆಯ ಸದ್ದು ಗುಡ್ಡವನ್ನು ದಾಟಿ ಬರುತ್ತಿದ್ದಿತು. ನಾವು ಮಕ್ಕಳು ಕಿಟಕಿಯ ಹಲಗೆಗೆ ಕಿವಿಯಿಟ್ಟು, ಈಗ ಯಾವ ವೇಷ ರಂಗಸ್ಥಳಕ್ಕೆ ಬಂದಿರಬಹುದೆಂದು ಊಹಿಸುತ್ತಿದ್ದೆವು. ಅಂಗಳಕ್ಕೆ ಬಂದ ಹಾವುಗಳನ್ನು ಗಂಡಸರು ಬಡಿದುಹಾಕುತ್ತಿದ್ದರು. ಇದರಲ್ಲೊಂದು ವಿನೋದವಿದ್ದಿತು: ನಾಗರಹಾವು ಬಂದರೆ ಮಾತ್ರ ಎಲ್ಲರೂ ಕೈಮುಗಿದು, ಕಲ್ಲಿಗೆ ಹಾಲೆರೆಯುವ ಹರಕೆ ಹೊತ್ತು, ದಾರಿ ಬಿಡುವರು, ಇಲಿಯನ್ನು ತಿಂದುಕೊಂಡು ಯಾರ ತಂಟೆಗೂ ಹೋಗದ ಕೇರೆಹಾವಿಗೆ ದೊಣ್ಣೆ. ವಿಷವುಳ್ಳದ್ದಕ್ಕೆ ನಮಸ್ಕಾರ, ಇಲ್ಲದ್ದಕ್ಕೆ ಮರಣದಂಡನೆ!

1980ರಲ್ಲಿ ಮದುವೆಯಾಗಿ ಏಳು ಮೈಲಿ ಆಚೆಯ ಮನೆಗೆ ಬಂದೆ. ಸೀರೆಗಳ ಪೆಟ್ಟಿಗೆಯೊಡನೆ ಈ ಭಯವೂ ಬಂದಿತು. ಮಕ್ಕಳನ್ನು ಸಂಜೆಯಾಗುತ್ತಲೆ ಒಳಗೆ ಕರೆದುಕೊಂಡೆ. ತೋಟದ ಅಂಚಿನಲ್ಲಿದ್ದ ನೇರಳೆಯ ಮರದ ಕೆಳಗೆ ಅವರು ಆಡಿದ್ದನ್ನು ನಾನು ಕಂಡದ್ದೇ ಇಲ್ಲ. ವೇದಾಂತ ಓದಿದ್ದ ನನ್ನ ಭಾವನವರು ಹಗ್ಗ ಮತ್ತು ಹಾವಿನ ದೃಷ್ಟಾಂತವನ್ನು ನನಗೆ ಎಷ್ಟೋ ಸಲ ಹೇಳಿದರು. ಕತ್ತಲೆಯಲ್ಲಿ ಹಗ್ಗವು ಹಾವಾಗಿ ತೋರುವುದು, ದೀಪ ತಂದರೆ ಭ್ರಾಂತಿ ಹರಿಯುವುದು ಎಂದು. ದೊಡ್ಡ ಮಾತೇ ಸರಿ. ಆದರೆ ನಮ್ಮ ಊರಿನಲ್ಲಿ ದೀಪ ತಂದರೂ ಅದು ಅನೇಕ ವೇಳೆ ಹಾವೇ ಆಗಿರುತ್ತದೆ! ನನಗೆ ಬೇಕಾಗಿದ್ದುದು ಹಾವಲ್ಲವೆಂಬ ಜ್ಞಾನವಲ್ಲ, ಯಾವ ಹಾವೆಂಬ ಜ್ಞಾನ.

ಅದು ಬಂದುದು ನನ್ನ ಸೊಸೆಯ ಮೂಲಕ. ಅವಳು ಊರಿನ ಶಾಲೆಯಲ್ಲಿ ಉಪಾಧ್ಯಾಯಿನಿ. 2012ರಲ್ಲಿ ಹಾವುಗಳನ್ನು ಬಲ್ಲ ಯುವಕನೊಬ್ಬನು ಶಾಲೆಯ ಮಕ್ಕಳಿಗೆ ಚಿತ್ರಗಳನ್ನು ತೋರಿಸಿ ಪಾಠ ಹೇಳಲು ಬರುವವನಿದ್ದನು. “ಅತ್ತೆ, ನೀವೊಮ್ಮೆ ಬನ್ನಿ. ಜೀವಂತ ಹಾವು ತರುವುದಿಲ್ಲ, ಬರೀ ಚಿತ್ರ” ಎಂದು ಅವಳು ಕರೆದಳು. ಹೋದೆ, ಬಾಗಿಲಿನ ಹತ್ತಿರವೇ ಕುಳಿತೆ.

ನಮ್ಮ ದೇಶದಲ್ಲಿ ನೂರಾರು ಬಗೆಯ ಹಾವುಗಳಿದ್ದರೂ ಹೆಚ್ಚಿನ ಸಾವುಗಳಿಗೆ ಕಾರಣವಾಗತಕ್ಕವು ನಾಲ್ಕೇ ಎಂದು ಅವನು ಹೇಳಿದನು: ನಾಗರಹಾವು, ಕೊಳಕುಮಂಡಲ, ಒಣಸೀಮೆಯ ಗರಗಸಮಂಡಲ, ಮತ್ತು ಕಟ್ಟುಹಾವು. ನಾಲ್ಕನೆಯದರ ಚಿತ್ರವನ್ನು ಗೋಡೆಯ ಮೇಲೆ ಮೂಡಿಸಿ, ಇದು ರಾತ್ರಿ ಸಂಚರಿಸುವುದು, ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲಿ ಕಚ್ಚುವುದು, ಹಲ್ಲು ಬಹು ಸಣ್ಣದಾದುದರಿಂದ ಎಷ್ಟೋ ಸಲ ಗುರುತೂ ಉಳಿಯದು, ನೋವೂ ತಿಳಿಯದು ಎಂದನು. ಕೆಲವು ಗಂಟೆಗಳ ಮೇಲೆ ಹೊಟ್ಟೆನೋವು ಬರುವುದು, ಆಮೇಲೆ ರೆಪ್ಪೆ ಇಳಿಯುವುದು, ಉಗುಳು ನುಂಗಲಾಗದು, ಕಡೆಗೆ ಉಸಿರಾಟದ ಸ್ನಾಯುಗಳು ಸೋಲುವುವು. ನನ್ನ ಅಕ್ಕನ ಹೆಸರನ್ನೂ ಕೇಳದ ಆ ಹುಡುಗನು ನಲವತ್ತನಾಲ್ಕು ವರ್ಷಗಳ ಹಿಂದಿನ ಆ ಬೆಳಗಿನ ಜಾವವನ್ನು ಒಂದು ಅಕ್ಷರವೂ ತಪ್ಪದಂತೆ ಒಪ್ಪಿಸಿಬಿಟ್ಟನು. ನಾನು ಸೆರಗಿನಿಂದ ಮುಖವನ್ನು ಮುಚ್ಚಿಕೊಂಡೆ. ಮಕ್ಕಳು ನಾನು ಹೆದರಿದೆನೆಂದು ನಕ್ಕರು.

ಹೆದರಿಕೆಯಲ್ಲ ಅದು. ಮನೆಯಲ್ಲಿ ಯಾರೂ ಎತ್ತದೆ ಉಳಿಸಿದ್ದ ಹೆಸರೊಂದು ಎಲ್ಲರೆದುರಿಗೆ, ಹಗಲು ಬೆಳಕಿನಲ್ಲಿ, ಗೋಡೆಯ ಮೇಲೆ ನಿಂತಿದ್ದಿತು. ಅದಕ್ಕೆ ಮೂರು ನಾಲ್ಕು ಅಡಿಯ ಉದ್ದವಿದ್ದಿತು, ಹೊರಡುವ ವೇಳೆಯಿದ್ದಿತು, ಆಹಾರವಿದ್ದಿತು. ಅದು ಅಕ್ಕನನ್ನು ಅರಸಿಕೊಂಡು ಬಂದುದಲ್ಲ. ಇಲಿಯನ್ನೋ ಇನ್ನೊಂದು ಹಾವನ್ನೋ ಅರಸಿ ಬಂದಿದ್ದಿತು. ಮಂಚದ ಮೇಲೆ ಮಲಗಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಮಡಿಚಿಟ್ಟರೆ ಈ ಆಪತ್ತು ಬಹುಮಟ್ಟಿಗೆ ತಪ್ಪುವುದೆಂದು ಅವನು ಹೇಳಿದಾಗ, ಇಷ್ಟೇ ಅಲ್ಲವೆ ಎಂದು ಎದೆ ಉರಿಯಿತು.

ಮರುವಾರವೇ ಮನೆಯಲ್ಲಿ ಎಲ್ಲರಿಗೂ ಮಂಚ ಬಂದಿತು. ಗೋಡೆಗೆ ಒರಗಿದ್ದ ಸೌದೆಯ ರಾಶಿ ಕೊಟ್ಟಿಗೆಯ ಆಚೆಗೆ ಹೋಯಿತು. ಆಸ್ಪತ್ರೆಗೆ ಎಷ್ಟು ದೂರ, ರಾತ್ರಿ ಯಾರ ವಾಹನ ದೊರೆಯುವುದು, ಎಂಬುದನ್ನು ಮಗನು ಕಾಗದದಲ್ಲಿ ಬರೆದು ಬಾಗಿಲಿನ ಹಿಂದೆ ಅಂಟಿಸಿದನು. ಕಚ್ಚಿಸಿಕೊಂಡವರನ್ನು ಓಡಾಡಿಸಬಾರದು, ಗಾಯವನ್ನು ಕೊಯ್ಯಬಾರದು, ಹೀರಬಾರದು, ಹಗ್ಗ ಬಿಗಿಯಬಾರದು. ಬಳೆ ಉಂಗುರಗಳನ್ನು ತೆಗೆದು, ಕೈಕಾಲು ಅಲುಗದಂತೆ ಮಲಗಿಸಿ, ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು ಎಂಬುದೂ ಅದರಲ್ಲಿದೆ. ಔಷಧವೇನೂ ಹೊಸದಲ್ಲ. 1890ರ ದಶಕದಲ್ಲಿಯೇ ಆಲ್ಬೆರ್ ಕಾಲ್ಮೆಟ್ ಎಂಬ ಫ್ರೆಂಚ್ ವೈದ್ಯನು ನಾಗರವಿಷಕ್ಕೆ ಪ್ರತಿವಿಷವನ್ನು ಸಿದ್ಧಪಡಿಸಿದನು. ಕುದುರೆಗೆ ವಿಷವನ್ನು ಅಲ್ಪಾಲ್ಪವಾಗಿ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿರೋಧವನ್ನು ಬೇರ್ಪಡಿಸಿ ತೆಗೆಯುವ ಉಪಾಯ ಅದು. ನಮ್ಮ ದೇಶದ ಪ್ರತಿವಿಷವು ಮೇಲಿನ ನಾಲ್ಕೂ ಹಾವುಗಳ ವಿಷದಿಂದ ಆದದ್ದು. ಅದಕ್ಕೆ ಬೇಕಾದ ವಿಷದ ಬಹುಪಾಲನ್ನು ಬಹುಕಾಲದಿಂದ ಒದಗಿಸುತ್ತ ಬಂದವರು ಚೆನ್ನೈ ಸಮೀಪದ ಇರುಳರು. 1978ರಲ್ಲಿ ಅವರದೊಂದು ಸಹಕಾರ ಸಂಘ ಸ್ಥಾಪಿತವಾಯಿತು. ಹಿಂದೆ ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದ ಜನ ಈಗ ಪ್ರಾಣ ಉಳಿಸುವುದಕ್ಕಾಗಿ ಹಿಡಿಯುವರು.

ಇಷ್ಟು ತಿಳಿದೊಡನೆ ಭಯ ಓಡಿಹೋಯಿತೆಂದು ವಾಚಕರು ಭಾವಿಸಬಾರದು. ಬುದ್ಧಿಗೆ ಹೇಳಿದ ಮಾತು ಕಾಲಿಗೆ ತಲಪಲು ಬಹಳ ದಿನ ಹಿಡಿಯುತ್ತದೆ. ಮೊದಲನೆಯ ಸಲ ಬಚ್ಚಲಿನ ಹಿಂದೆ ಉದ್ದನೆಯ ಹಾವೊಂದು ಕಂಡಾಗ ನನ್ನ ಬಾಯಿ ಒಣಗಿತು, ಕಾಲುಗಳು ಕುಸಿದವು. ಆದರೂ ಓಡದೆ ನಿಂತು ನೋಡಿದೆ. ಕಂದುಬಣ್ಣ, ದೊಡ್ಡ ಕಣ್ಣು, ತುಟಿಯ ಮೇಲೆ ಕರಿಯ ಗೆರೆಗಳು. ‘ಕೇರೆ’ ಎಂದು ಗಟ್ಟಿಯಾಗಿಯೇ ಅಂದೆ. ಹೊತ್ತು ಮುಳುಗಿದ್ದಿತು, ಹೆಸರು ಹಿಡಿದು ಕರೆದರೂ ಅದು ನನ್ನ ಕಡೆಗೆ ಬರಲಿಲ್ಲ, ಕಲ್ಲುಗೋಡೆಯ ಸಂದಿಯಲ್ಲಿ ಮರೆಯಾಯಿತು. ಎರಡು ವರ್ಷಗಳ ಮೇಲೆ ಜಗಲಿಯಲ್ಲಿ ನಿಜವಾದ ಕಟ್ಟುಹಾವೇ ಕಂಡಿತು. ಆಗಲೂ ಕೈ ನಡುಗಿತು. ಮಕ್ಕಳನ್ನು ಒಳಗೆ ಕಳುಹಿಸಿ, ದೂರದಲ್ಲಿ ನಿಂತು ಬ್ಯಾಟರಿಯ ಬೆಳಕನ್ನು ಅದರ ಮೇಲಿನಿಂದ ತೆಗೆಯದೆ, ಹಾವು ಹಿಡಿಯುವವರು ಬರುವ ತನಕ ಮುಕ್ಕಾಲು ಗಂಟೆ ಕಾದೆ. ಅಕ್ಕನನ್ನು ಕೊಂಡುಹೋದ ಜಾತಿಯನ್ನು ಅಷ್ಟು ಹೊತ್ತು ಕಣ್ಣಿಟ್ಟು ನೋಡಿದೆ. ಅದು ಬಹಳ ಚೆಲುವಾದ ಪ್ರಾಣಿ. ಹಾಗೆ ಬರೆಯುವುದು ನನಗೆ ಸುಲಭವಲ್ಲ.

ಹಾವಿಗೆ ಅಂಜಬೇಡಿರೆಂದು ನಾನು ಯಾರಿಗೂ ಹೇಳುವುದಿಲ್ಲ. 2000ದಿಂದ 2019ರ ವರೆಗೆ ಭಾರತದಲ್ಲಿ ಹಾವಿನ ಕಡಿತದಿಂದ ಸುಮಾರು 12 ಲಕ್ಷ ಜನರು ಸತ್ತರೆಂದು ವಿದ್ವಾಂಸರು ಲೆಕ್ಕಹಾಕಿದ್ದಾರೆ. ವರ್ಷಕ್ಕೆ ಸರಾಸರಿ 58,000. ಅವರಲ್ಲಿ ಹೆಚ್ಚಿನವರು ಹಳ್ಳಿಗಳವರು. ಸುಮಾರು ಅರ್ಧದಷ್ಟು ಸಾವುಗಳು ಮಳೆಗಾಲದ ನಾಲ್ಕು ತಿಂಗಳಲ್ಲಿ. 2024ರಲ್ಲಿ ನಮ್ಮ ರಾಜ್ಯ ಸರ್ಕಾರವು ಹಾವಿನ ಕಡಿತವನ್ನು ಆಸ್ಪತ್ರೆಗಳು ತಪ್ಪದೆ ವರದಿ ಮಾಡಬೇಕೆಂದು ವಿಧಿಸಿತು, ಆಗಬೇಕಾದ ಕೆಲಸವೇ. ನಾನು ಹೇಳುವುದು ಬೇರೆ. ಎಚ್ಚರಿಕೆಗೆ ಒಂದು ಬ್ಯಾಟರಿ, ಒಂದು ಕೋಲು, ಒಂದು ಸೊಳ್ಳೆಪರದೆ ಸಾಕು. ಭಯ ಹಾಗಲ್ಲ. ಅದಕ್ಕೆ ಮಲ್ಲಿಗೆಯ ಪೊದೆ ಬೇಕು, ಜಗಲಿ ಬೇಕು, ನೇರಳೆಯ ಮರದ ಕೆಳಗಿನ ನೆಲ ಬೇಕು. ಎಷ್ಟು ಕೊಟ್ಟರೂ ಅದರ ಹೊಟ್ಟೆ ತುಂಬದು.

ನಮ್ಮ ಸೀಮೆಯ ಆಗುಂಬೆಯಲ್ಲಿ 2005ರಿಂದ ಮಳೆಕಾಡಿನ ಸಂಶೋಧನಾ ಕೇಂದ್ರವೊಂದಿದೆ. ಕಾಳಿಂಗಸರ್ಪವನ್ನು ಅಭ್ಯಾಸ ಮಾಡತಕ್ಕವರು ಅಲ್ಲಿಗೆ ದೂರದೂರದಿಂದ ಬರುವರು. ಹಾವುಗಳಲ್ಲಿ ಎಲೆಗಳನ್ನು ಕೂಡಿಸಿ ಗೂಡು ಕಟ್ಟುವುದು ಅದೊಂದೇ. ತಾಯಿ ಆ ಗೂಡನ್ನು ಕಾಯುತ್ತದೆ. 2024ರಲ್ಲಿ ಪಶ್ಚಿಮಘಟ್ಟಗಳ ಕಾಳಿಂಗವು ಪ್ರತ್ಯೇಕ ಜಾತಿಯೆಂದು ವಿಜ್ಞಾನಿಗಳು ಗೊತ್ತುಮಾಡಿ, ಅದರ ಶಾಸ್ತ್ರೀಯ ನಾಮದಲ್ಲಿ ‘ಕಾಳಿಂಗ’ವೆಂಬ ನಮ್ಮ ಮಾತನ್ನೇ ಇಟ್ಟರು. ಹೊತ್ತು ಮುಳುಗಿದ ಮೇಲೆ ನಾವು ಎತ್ತದ ಹೆಸರು ಈಗ ಲೋಕದ ಗ್ರಂಥಗಳಲ್ಲಿದೆ!

ಆ ಪಾಠ ಕೇಳಿದ ಮರುವರ್ಷ, 2013ರ ಮೇ ತಿಂಗಳಲ್ಲಿ, ಗುಡ್ಡದಾಚೆಯ ಊರಿನಲ್ಲಿ ಬಯಲಾಟವಿದ್ದಿತು. “ಹೋಗೋಣವೆ ಅತ್ತೆ?” ಎಂದು ಸೊಸೆ ಕೇಳಿದಳು. ನನಗೆ ಆಗ ಐವತ್ತನಾಲ್ಕು ವರ್ಷ. ಒಂದು ಆಟವನ್ನಾದರೂ ರಾತ್ರಿಯೆಲ್ಲ ಕುಳಿತು ನೋಡಿದವಳಲ್ಲ. ನಾನು ಮುಂದೆ ಬ್ಯಾಟರಿ ಹಿಡಿದೆ. ಸೊಸೆ ಹಿಂದಿನಿಂದ ಕೋಲನ್ನು ನೆಲಕ್ಕೆ ತಟ್ಟುತ್ತ ಬಂದಳು. ಗದ್ದೆಯ ಬದುವನ್ನು ದಾಟಿ ಕಾಡಿನ ಅಂಚಿಗೆ ಬಂದಾಗ ಅವಳು ಬ್ಯಾಟರಿಯನ್ನು ಒಂದು ನಿಮಿಷ ಆರಿಸಲು ಹೇಳಿದಳು. ಆರಿಸಿದೆ. ಮರಮರವೂ ಮಿಂಚುಹುಳಗಳಿಂದ ಒಮ್ಮೆಗೇ ಹೊತ್ತಿ ಒಮ್ಮೆಗೇ ಆರುತ್ತಿದ್ದಿತು. ನನ್ನ ಮನೆಯಿಂದ ಅರ್ಧ ಮೈಲಿಯ ದೂರದಲ್ಲಿ ಪ್ರತಿ ವರ್ಷವೂ ನಡೆಯುತ್ತಿದ್ದ ಈ ದೀಪೋತ್ಸವವನ್ನು ಆ ದಿನ ಮೊದಲು ಕಂಡೆ. ಎಷ್ಟು ಹೊತ್ತು ನಿಂತೆವೋ ತಿಳಿಯದು. ಆಮೇಲೆ ಚಂಡೆಯ ಸದ್ದನ್ನು ಹಿಡಿದು ಗುಡ್ಡವನ್ನೇರಿ ಇಳಿದು, ರಂಗಸ್ಥಳದ ಮುಂದೆ ಚಾಪೆ ಹಾಸಿಕೊಂಡು ಕುಳಿತಾಗ ಇನ್ನೂ ಪೂರ್ವರಂಗ ನಡೆಯುತ್ತಿದ್ದಿತು.